ಹಳದಿ ಕೋಟು, ಒಂದೇ ಕರಟ

ಅಪೊರೊಸಾ ಕೆಟ್ಟ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳುವ ಮನಸ್ಸು ನನಗೆ ಉಳಿದಿರುವುದಿಲ್ಲ. ನಮ್ಮ ದ್ವೀಪದ ಆಸ್ಪತ್ರೆಯಲ್ಲಿ ಅವನು ರೋಗಿಗಳ ಗಾಡಿ ತಳ್ಳುವವನು, ನಾನು ಅಡುಗೆಮನೆಯವನು. ಅವನು ನನ್ನನ್ನು ಭಾವ ಅನ್ನುತ್ತಾನೆ, ನಾನೂ ಅವನನ್ನು ಭಾವ ಅನ್ನುತ್ತೇನೆ. ನಮ್ಮ ಕಡೆ ಭಾವ ಅಂದರೆ ಬೈಯುವುದಕ್ಕೆ ಪರವಾನಗಿ. ನನ್ನ ಮುತ್ತಜ್ಜ ಕಬ್ಬಿನ ಗದ್ದೆಯ ಕೂಲಿಗೆ ಹಡಗಿನಲ್ಲಿ ಬಂದವನು, ಅವನ ಮುತ್ತಜ್ಜ ಆ ಹಡಗನ್ನು ದಡದಲ್ಲಿ ನಿಂತು ನೋಡಿದವನು. ಭಾವ ಅನ್ನಿಸಿಕೊಳ್ಳಲು ಇಷ್ಟು ಸಂಬಂಧ ಸಾಕು.

ಕೂತಲ್ಲಿ ಕೂರುವ ಜೀವವಲ್ಲ ಅದು. ರೋಗಿ ಇಲ್ಲದಿದ್ದರೆ ಬರಿಯ ಗಾಡಿಯನ್ನೇ ತಳ್ಳಿಕೊಂಡು ಓಡಾಡುತ್ತದೆ. ಬಾಗಿಲು ತೆರೆಯುತ್ತದೆ, ಮುಚ್ಚುತ್ತದೆ, ನನ್ನ ಪಾತ್ರೆಯ ಮುಚ್ಚಳ ಎತ್ತಿ ಮೂಸುತ್ತದೆ, ಉಪ್ಪು ಕಡಿಮೆ ಅನ್ನುತ್ತದೆ. ಅಪೊರೊಸಾ ಚಕ್ಕಳಮಕ್ಕಳ ಹಾಕಿ ಅಲುಗಾಡದೆ ಕೂರುವುದು ಒಂದೇ ಕಡೆ. ಸಂಜೆ ಪಾಳಿ ಮುಗಿದ ಮೇಲೆ, ಬಟ್ಟೆ ಒಗೆಯುವ ಮನೆಯ ಹಿಂದೆ, ದೀವಿಹಲಸಿನ ಮರದಡಿ, ಯಂಗೋನ ಅನ್ನುವ ಬೇರಿನ ರಸ ತುಂಬಿದ ಮರದ ಬೋಗುಣಿಯ ಮುಂದೆ. ಬೇರು ಕುಟ್ಟುವವನು ಅವನೇ, ನೀರಿನಲ್ಲಿ ಹಿಂಡುವವನು ಅವನೇ, ಕರಟದಲ್ಲಿ ಮೊಗೆದು ಒಬ್ಬೊಬ್ಬರ ಮುಂದೆ ಹಿಡಿಯುವವನೂ ಅವನೇ. ಕರಟ ಒಂದೇ. ಮೊದಲಿಂದಲೂ ಒಂದೇ. ಕೈಗೆ ಬಂದಾಗ ಒಂದು ಚಪ್ಪಾಳೆ ತಟ್ಟಿ, ಒಂದೇ ಗುಟುಕಿಗೆ ಬರಿದು ಮಾಡಿ ಹಿಂದಿರುಗಿಸಬೇಕು. ಕೂತವರೆಲ್ಲ ಮೂರು ಚಪ್ಪಾಳೆ ತಟ್ಟುತ್ತಾರೆ. ಕರಟ ಮತ್ತೆ ಬೋಗುಣಿಗೆ ಇಳಿಯುತ್ತದೆ, ಮುಂದಿನವನಿಗೆ ಏಳುತ್ತದೆ. ನಾಲಿಗೆ ಜೋಮು ಹಿಡಿಯುತ್ತದೆ, ಹಗಲಿನ ಜಗಳ ಮರೆತುಹೋಗುತ್ತದೆ. ಯಾರಾದರೂ ಬೇಡ ಅಂದರೆ ಮಾತ್ರ ಹೊಸ ಜಗಳ ಹುಟ್ಟುತ್ತದೆ.

ಆ ತಿಂಗಳು ಅವನ ಮಗಳು ಉನೈಸಿಗೆ ದಿನ ತುಂಬಿತ್ತು. ಮೊಮ್ಮಗು ಇದೇ ಆಸ್ಪತ್ರೆಯಲ್ಲಿ ಹುಟ್ಟಬೇಕು, ಹುಟ್ಟಿದ್ದನ್ನು ಹೆರಿಗೆ ಕೋಣೆಯಿಂದ ವಾರ್ಡಿಗೆ ತಾನೇ ಗಾಡಿಯಲ್ಲಿ ತಳ್ಳಿಕೊಂಡು ಬರಬೇಕು, ಅವನ ಆಸೆ ಇಷ್ಟೇ. ಊರಿನವರ ಮುರಿದ ಕಾಲುಗಳನ್ನೂ ಸತ್ತ ಅಜ್ಜಂದಿರನ್ನೂ ತಳ್ಳಿದ ತಾನು ಸ್ವಂತದ್ದೊಂದನ್ನು ತಳ್ಳಬಾರದೇ ಎಂದು ಕಂಡಕಂಡವರನ್ನೆಲ್ಲ ಕೇಳುತ್ತಿದ್ದ. ಹೆರಿಗೆ ಮಾಡಿಸಲು ಇದ್ದವಳು ಸಿಸ್ಟರ್ ಮಾಕೆರೆಟಾ ಒಬ್ಬಳೇ. ಅವಳು ಕಾಯಿಲೆ ಬಿದ್ದು ಮಲಗಿದರೆ ಬಸುರಿಯರನ್ನು ವಾರಕ್ಕೊಮ್ಮೆ ಬರುವ ಹಡಗು ಹತ್ತಿಸಿ ರಾಜಧಾನಿ ಸುವಾಕ್ಕೆ ಕಳಿಸಬೇಕು. ಆ ಕಡಲಲ್ಲಿ ಮೀನು ಹಿಡಿಯುವ ಗಂಡಸರೇ ಕರುಳು ಕಕ್ಕುತ್ತಾರೆ.

ಇಂಥ ಹೊತ್ತಿನಲ್ಲಿ ಸುವಾದಿಂದ ಸುದ್ದಿ ಬಂತು. ಅಲ್ಲಿ ಜ್ವರ ಕೆಮ್ಮು ಜೋರಾಗಿದೆ, ಪ್ರತಿ ಆಸ್ಪತ್ರೆಯಿಂದ ಒಬ್ಬರು ಬಂದು ಸೋಂಕು ತಡೆಯುವ ಪಾಠ ಕಲಿತು ಹೋಗಬೇಕು. ಮಾಕೆರೆಟಾ ಬಸುರಿಯರನ್ನು ಬಿಟ್ಟು ಕದಲುವುದಿಲ್ಲ ಅಂದಳು. ಡಾಕ್ಟರ್ ಅವಿನೇಶ್ ಎಳೆಯ ಹುಡುಗ, ಯಾರಿಗೂ ಜೋರಾಗಿ ಹೇಳಿದವನಲ್ಲ; ಹೇಗೂ ಆಮ್ಲಜನಕದ ಸಿಲಿಂಡರ್ ತರಲು ಹೊರಟಿದ್ದ ಅಪೊರೊಸಾನನ್ನೇ ಪಾಠಕ್ಕೂ ಕೂರಿಸಿಬಿಟ್ಟ. ಅಪೊರೊಸಾ ಬೆಳಗಿನ ಪಾಠ ಕೇಳಿದ. ರೋಗಿಗಳಿಂದ ಹೇಗೆ ಕಾಪಾಡಿಕೊಳ್ಳಬೇಕು, ಕೈ ಹೇಗೆ ತೊಳೆಯಬೇಕು, ಲಕ್ಷಣವೇ ಇಲ್ಲದೆ ರೋಗ ಹರಡುವವರು ಹೇಗಿರುತ್ತಾರೆ ಎಲ್ಲ ಕೇಳಿದ. ಊಟಕ್ಕೆ ಕುರಿ ಮಾಂಸ ಇತ್ತು, ಅದನ್ನೂ ಬಿಡಲಿಲ್ಲ. ಮಧ್ಯಾಹ್ನದ ಪಾಠ ಶುರುವಾಗುವ ಹೊತ್ತಿಗೆ ಸಿಲಿಂಡರ್ ಹೇರಲು ಬಂದರಿಗೆ ಹೋದ. ಹೀಗೆ ನಮ್ಮ ದ್ವೀಪಕ್ಕೆ ಸಿಲಿಂಡರ್ ಪೂರ್ತಿ ಬಂದವು, ವಿದ್ಯೆ ಅರ್ಧ ಬಂತು.

ವಿದ್ಯೆಯ ಜೊತೆ ಒಂದು ಹಳದಿ ಕೋಟೂ ಬಂತು. ತೋಳಿಲ್ಲದ್ದು, ಕತ್ತಲಲ್ಲಿ ಹೊಳೆಯುವ ಪಟ್ಟಿ ಇರುವಂಥದ್ದು. ಪಾಠಕ್ಕೆ ಬಂದವರಿಗೆಲ್ಲ ಒಂದೊಂದು ಕೊಟ್ಟಿದ್ದರಂತೆ. ಅದನ್ನು ತೊಟ್ಟು ಹಡಗಿನಿಂದ ಇಳಿದವನು ಮನೆಗೆ ಹೋಗದೆ ನೇರ ನನ್ನ ಅಡುಗೆಮನೆಗೆ ಬಂದು, ಇನ್ನು ಮೇಲೆ ಒಳಗೆ ಬರುವವರು ಕೈ ತೊಳೆದು ಬರಬೇಕು ಎಂದು ಅಪ್ಪಣೆ ಮಾಡಿ, ತೊಳೆಯದ ಕೈಯಲ್ಲಿ ಮುಚ್ಚಳ ಎತ್ತಿದ. ಗಂಟಲು ಕೆರೆದುಕೊಂಡ. ಹಡಗಿನ ಉಪ್ಪುಗಾಳಿ ಅಂದ.

ಸ್ವಲ್ಪ ದಿನಕ್ಕೆ ಒಗೆಯುವ ಮನೆಯ ಸೆರು ಜ್ವರ ಬಂದು ಮಲಗಿದಳು.

ಹಳದಿ ಕೋಟಿಗೆ ಜೀವ ಬಂತು. ಗಂಡಸರ ವಾರ್ಡಿನಲ್ಲಿ ಹಳೆಯ ದಮ್ಮಿನ ಮುದುಕ ಸಕಿಯುಸಿ ಇದ್ದ, ಪಾಪ, ನಮ್ಮ ಆಸ್ಪತ್ರೆ ಕಟ್ಟುವ ಮೊದಲಿಂದ ಕೆಮ್ಮುತ್ತಿದ್ದವನು. ಅಪೊರೊಸಾ ಅವನ ಮಂಚವನ್ನು ಮೂಲೆಗೆ ತಳ್ಳಿದ. ಅಲ್ಲಿಂದ ಜಗಲಿಗೆ ತಳ್ಳಿದ. ಜಗಲಿಯಿಂದ ಅಂಗಳಕ್ಕೆ ತಳ್ಳುವ ಹೊತ್ತಿಗೆ ಮಳೆ ಬಂತು, ಮುದುಕ ಚಾಪೆ ಸುತ್ತಿಕೊಂಡು ಮನೆಗೆ ನಡೆದ. ಮನೆಯಲ್ಲಿ ಅವನ ಕೆಮ್ಮು ಕಡಿಮೆಯಾಯಿತು ಎಂದು ಕೇಳಿದೆ. ರೋಗಿ ನೋಡಲು ಬಂದವರ ಮೂಗಿಗೆ, ಬಾಯಿಗೆ, ಹೊತ್ತು ತಂದ ಕೆಸುವಿನ ಗೆಡ್ಡೆಗೆ ಕೂಡ ಔಷಧಿ ಸಿಂಪಡಿಸಿದ. ಪಾದ್ರಿ ಪ್ರಾರ್ಥನೆಗೆ ಬಂದರೆ ಹೊರಗೇ ನಿಂತು ಪ್ರಾರ್ಥಿಸಿ, ದೇವರಿಗೆ ಅಲ್ಲಿಂದಲೂ ಕೇಳುತ್ತದೆ ಅಂದ. ಪಾದ್ರಿ ಆವತ್ತು ಮಾಡಿದ ಪ್ರಾರ್ಥನೆಯಲ್ಲಿ ಅಪೊರೊಸಾನ ಹೆಸರು ಬಂತು, ಒಳ್ಳೆಯ ರೀತಿಯಲ್ಲಿ ಅಲ್ಲ.

ನಾವು ಕೆಲಸದವರೆಲ್ಲ ಕಣ್ಣಷ್ಟೇ ಕಾಣುವ ಹಾಗೆ ಮುಖಕ್ಕೆ ಮಾಸ್ಕು ಕಟ್ಟಿಕೊಂಡು ರೋಗಿಗಳ ನಡುವೆ ಓಡಾಡಿದೆವು. ಸಂಜೆಯಾದರೆ ಮಾಸ್ಕು ಬಿಚ್ಚಿ ದೀವಿಹಲಸಿನ ಕೊಂಬೆಗೆ ನೇತುಹಾಕಿ, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತೆವು. ಸೆರು ಮಲಗಿದ್ದು ಗಂಭೀರ ವಿಷಯ, ಆದ್ದರಿಂದ ಅಪೊರೊಸಾ ತುರ್ತು ಸಭೆ ಕರೆದಿದ್ದ. ನಮ್ಮಲ್ಲಿ ಬೋಗುಣಿ ಇಲ್ಲದ ಸಭೆ ಸಭೆಯೇ ಅಲ್ಲ. ರೋಗವನ್ನು ಹೊರಗಿಡುವ ಬಗ್ಗೆ ಅವನು ಮಾತಾಡಿದ, ಕರಟ ಸುತ್ತು ಬಂತು. ಮತ್ತೆ ಮಾತಾಡಿದ, ಮತ್ತೆ ಸುತ್ತು ಬಂತು.

ಆ ಸಭೆಯ ನಂತರ ಪ್ರಯೋಗಶಾಲೆಯ ಪೇನಿ ಮಲಗಿದ. ಪೇನಿ ಮಲಗಿದ್ದಕ್ಕೆ ಇನ್ನೊಂದು ಸಭೆ ಆಯಿತು, ಇನ್ನೂ ದೊಡ್ಡದು, ಎರಡು ಪಾಳಿಯವರನ್ನೂ ಸೇರಿಸಿ. ಅದಾದ ಮೇಲೆ ಔಷಧಿ ಕೊಡುವವನು, ವಾಹನದ ಚಾಲಕ, ಇಬ್ಬರು ನರ್ಸುಗಳು ಸಾಲಾಗಿ ಮಲಗಿದರು. ಪ್ರತಿ ಸಲವೂ ಅಪೊರೊಸಾ ಹೆಚ್ಚು ಬೇರು ಕುಟ್ಟಿದ. ರಾತ್ರಿ ಹಗಲು ದೇಹದಲ್ಲಿ ನಿಲ್ಲದ ಚಡಪಡಿಕೆ ಅವನಿಗೆ, ನಿದ್ದೆಯೂ ಆಸ್ಪತ್ರೆಯ ಜಗಲಿಯಲ್ಲೇ. ಹಡಗು ಬಂದು ಹೋಗುವುದನ್ನು ನೋಡುತ್ತಾನೆ, ಮಗಳ ಹೊಟ್ಟೆ ನೋಡುತ್ತಾನೆ, ಮಾಕೆರೆಟಾಳ ಮುಖ ನೋಡುತ್ತಾನೆ, ಓಡಿಹೋಗಿ ಮತ್ತೊಬ್ಬ ರೋಗಿಯ ಮಂಚ ತಳ್ಳುತ್ತಾನೆ.

ಡಾಕ್ಟರ್ ಅವಿನೇಶನಿಗೆ ಅನುಮಾನ ಬಂದಿರಲಿಲ್ಲ ಅಂತಲ್ಲ. ಓದಿದ ಹುಡುಗ. ಒಂದು ಸಂಜೆ ಕರಟ ಅವನ ಮುಂದೆ ಬಂದಾಗ, ಎಲ್ಲರೂ ಅವರವರ ಲೋಟ ತಂದರೆ ಹೇಗೆ ಎಂದು ನೆಲ ನೋಡುತ್ತ ಕೇಳಿದ. ಅಪೊರೊಸಾನ ಮುಖ ಸಪ್ಪಗಾಯಿತು. ಕರಟ ಹಿಡಿದ ಕೈ ಗಾಳಿಯಲ್ಲೇ ನಿಂತಿತು. ಹಿರಿಯನೊಬ್ಬನ ಕೈ ಹಾಗೆ ಗಾಳಿಯಲ್ಲಿ ನಿಲ್ಲುವುದನ್ನು ನೋಡಲಾಗದೆ ಡಾಕ್ಟರ್ ಗಬಕ್ಕನೆ ಚಪ್ಪಾಳೆ ತಟ್ಟಿ ಕುಡಿದ. ತಪ್ಪಿಗೆ ದಂಡವಾಗಿ ಇನ್ನೊಂದು ಕುಡಿದ. ಆಮೇಲೆ ಮಲಗಿದ.

ನಾನೂ ಮಲಗಿದೆ. ನಾನು ಮಲಗಿದ ದಿನ ಮರಗೆಣಸು ಬೇಯಿಸಿದವನು ತೋಟದ ಮಾಲಿ. ಅದನ್ನು ತಿಂದ ಮೇಲೆ, ಆಗ ತಾನೆ ಹುಷಾರಾಗುತ್ತಿದ್ದ ಪೇನಿ ಮತ್ತೆ ಮಲಗಿದ. ಅದು ವೈರಸ್ ಅಲ್ಲ, ನಾನು ಖಂಡಿತ ಹೇಳಬಲ್ಲೆ.

ಜ್ವರದಲ್ಲಿ ಬಿದ್ದಿದ್ದ ನನ್ನ ಮಂಚದ ಹತ್ತಿರಕ್ಕೆ ಅಪೊರೊಸಾ ಬಂದು ಬಗ್ಗಿ ನಿಂತ. ಕಣ್ಣು ಹೊಳೆಯುತ್ತಿತ್ತು. ಪತ್ತೆ ಆಯ್ತು ಅಂದ.

"ಭಾವ, ನೀನೇ ಯೋಚ್ನೆ ಮಾಡು. ನನ್ನ ಸಭೆಗೆ ಬಂದೋರೆಲ್ಲ ಮಲಗಿದ್ರು. ಒಂದು ಸಭೆಗೂ ಬರದೇ ಇದ್ದೋಳು ಒಬ್ಳೇ ಗಟ್ಟಿಮುಟ್ಟಾಗಿ ಓಡಾಡ್ತಾವ್ಳೆ. ಏನರ್ಥ?"

"ನಿನ್ನ ಸಭೆಗೆ ಬರ್ಬಾರ್ದು ಅಂತ ಅರ್ಥ," ಅಂದೆ. ಜ್ವರದ ಬಾಯಿಗೆ ಬಂದ ಮಾತು.

"ಅಲ್ಲಯ್ಯ. ಅವ್ಳ ಹತ್ರಾನೇ ಇದೆ ಅಂತ. ಒಳಗೆ ಬಚ್ಚಿಟ್ಕೊಂಡವ್ಳೆ. ಎಲ್ರಿಗೂ ಹಂಚ್ತಾಳೆ, ತಾನು ಮಾತ್ರ ಕೆಮ್ಮಲ್ಲ. ಸುವಾದಲ್ಲಿ ಬಾಯಿ ಬಿಟ್ಟು ಹೇಳಿದ್ರು, ಲಕ್ಷಣ ಇಲ್ದೆ ಹರಡೋರು ಇರ್ತಾರೆ ಅಂತ." ಗಂಟಲು ಕೆರೆದುಕೊಂಡ. "ಮಾತಾಡಿ ಮಾತಾಡಿ ಗಂಟ್ಲೇ ಒಣಗೋಗಿದೆ."

ಅವಳು ಅಂದರೆ ಮಾಕೆರೆಟಾ. ಅವಳದು ಶನಿವಾರ ಆರಾಧನೆ ಮಾಡುವ ಚರ್ಚು. ಅವರಲ್ಲಿ ಯಂಗೋನ ಇಲ್ಲ, ಹಂದಿ ಇಲ್ಲ, ಚಹಾ ಕೂಡ ಇಲ್ಲ. ಕೆಲಸ ಮುಗಿದ ತಕ್ಷಣ ಮನೆಗೆ ಹೋಗಿ ನಿಂಬೆ ಎಲೆಯ ಕಷಾಯ ಕುಡಿದು ಮಲಗುವ ಹೆಂಗಸು. ಇಷ್ಟು ವರ್ಷ ಬೋಗುಣಿಯ ಹತ್ತಿರ ಬಾರದ ಅವಳ ಮೇಲೆ ಅಪೊರೊಸಾನಿಗೆ ಒಳಗೊಳಗೇ ಮುನಿಸಿತ್ತು. ಮುನಿಸಿಗೆ ಈಗ ಶಾಸ್ತ್ರದ ಬೆಂಬಲ ಸಿಕ್ಕಿತು.

ಜ್ವರದಲ್ಲಿ ನರಳುತ್ತಿದ್ದ ಡಾಕ್ಟರನ ಹತ್ತಿರ ಹೋಗಿ ಅವಳನ್ನು ಬೇರೆ ಇಡಲು ಅನುಮತಿ ಕೇಳಿದನಂತೆ. ಏನಾದರೂ ಮಾಡಿಕೋ, ದೀಪ ಆರಿಸಿ ಹೋಗು ಅಂದನಂತೆ ಅವನು. ಅಷ್ಟು ಸಾಕಾಯಿತು. ಒಗೆದ ಬಟ್ಟೆ ಇಡುವ ಕೋಣೆಯನ್ನು ಖಾಲಿ ಮಾಡಿ, ಬಾಗಿಲ ಮೇಲೆ 'ಅಪಾಯ' ಎಂದು ಬರೆದು, ಹಳದಿ ಕೋಟಿನ ಗುಂಡಿ ಹಾಕಿಕೊಂಡು ಮಾಕೆರೆಟಾಳ ಮುಂದೆ ನಿಂತ. ಅವಳು ಕೂಗಾಡುತ್ತಾಳೆ ಅಂತ ಇಡೀ ವಾರ್ಡು ಮಂಚದ ಮೇಲೆ ಎದ್ದು ಕೂತಿತ್ತು. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು, ನಮ್ಮನ್ನೆಲ್ಲ ನೋಡಿದಳು, ಹೊಲಿಗೆಯ ಬುಟ್ಟಿ ಕಂಕುಳಿಗೆ ಸಿಕ್ಕಿಸಿಕೊಂಡಳು.

"ಈ ಆಸ್ಪತ್ರೇಲಿ ನಿನ್ ಉಸಿರು ಬೀಳದೇ ಇರೋ ಜಾಗ ಅದೊಂದೇ," ಅಂದಳು. "ಕಷಾಯ ಬಾಗ್ಲ ಹೊರಗೆ ಇಡ್ಸು. ನೀನು ತರ್ಬೇಡ." ಒಳಗೆ ಹೋಗಿ ಚಿಲಕ ತಾನೇ ಹಾಕಿಕೊಂಡಳು.

ಅಪೊರೊಸಾ ಗೆದ್ದವನ ಹಾಗೆ ಹೊರಗೆ ಬಂದ. ಸುಮಾರು ಹೊತ್ತು ಗೆದ್ದವನ ಹಾಗೇ ಇದ್ದ. ಆಮೇಲೆ ಯಾರೋ, ಹಾಗಾದರೆ ಉನೈಸಿಗೆ ಹೆರಿಗೆ ಮಾಡಿಸುವವರು ಯಾರು ಎಂದು ಕೇಳಿದರು.

ಈ ಮನುಷ್ಯ ಅದನ್ನು ಯೋಚಿಸಿರಲಿಲ್ಲ. ದೇವರಾಣೆ ಯೋಚಿಸಿರಲಿಲ್ಲ. ತಪ್ಪಾಯಿತು ಎಂದು ಹೇಳಿ ಚಿಲಕ ತೆಗೆಸಬಹುದಿತ್ತು, ಆದರೆ ಹಳದಿ ಕೋಟು ತೊಟ್ಟವನು ಬೆಳಗ್ಗೆ ಹೇಳಿದ್ದನ್ನು ಸಂಜೆ ನುಂಗುವುದು ಹೇಗೆ. ಮನೆಗೆ ಹೋಗಿ, ಮಗಳನ್ನು ಹಡಗಿಗೆ ಹತ್ತಿಸಬೇಕು ಅಂದ. ಹೆಂಡತಿ ಲಿತಿಯಾ ಒಲೆಯ ಮುಂದಿನಿಂದ ಎದ್ದಳು. ಅವಳು ಏನಂದಳು ಅನ್ನುವುದನ್ನು ನೆರೆಯವರು ನನಗೆ ಪೂರ್ತಿ ಹೇಳಿದ್ದಾರೆ, ನಾನು ಪೂರ್ತಿ ಹೇಳಲಾರೆ. ಕೊನೆಯದು ಮಾತ್ರ ಇದು: ಮಗುವಿಗೆ ಕಡಲ ಮಧ್ಯೆ ಏನಾದರೂ ಆದರೆ ಅಪೊರೊಸಾನನ್ನು ಆ ಹಳದಿ ಕೋಟಿನಲ್ಲೇ ಹೂಳಿಸುತ್ತೇನೆ.

ಹಡಗು ಬರುವ ದಿನ ನಾನು ಎದ್ದು ಒಲೆಯ ಮುಂದೆ ನಿಂತು ಕೆಲವು ದಿನವಾಗಿತ್ತು. ಬೆಳಗ್ಗೆ ಗಾಳಿ ಜೋರು, ಕಡಲು ಬಂಡೆಗೆ ಹಾರಿ ಹಾರಿ ಬೀಳುತ್ತಿತ್ತು. ಚಾಲಕ ಇನ್ನೂ ಹಾಸಿಗೆ ಬಿಟ್ಟಿರಲಿಲ್ಲ, ಆದ್ದರಿಂದ ಅಪೊರೊಸಾ ಮಗಳನ್ನು ಆಸ್ಪತ್ರೆಯ ಗಾಡಿಯ ಮೇಲೆ ಕೂರಿಸಿ ಬಂದರಿಗೆ ತಳ್ಳಿಕೊಂಡು ಹೊರಟ. ಉನೈಸಿಯ ಕಾಲ ಬಳಿ ಬಟ್ಟೆಯ ಗಂಟು, ಚಾಪೆ, ಸುವಾದ ನೆಂಟರಿಗೆ ಕೊಡಲು ಒಂದು ಕಟ್ಟು ಯಂಗೋನ ಬೇರು. ಹಿಂದೆ ಲಿತಿಯಾ. ಊರಿನವರೆಲ್ಲ ಬಾಗಿಲಿಗೆ ಬಂದರು. ದಾರಿಗೆ ತಿನ್ನಲು ಇರಲಿ ಎಂದು ಬೇಯಿಸಿದ ಗೆಡ್ಡೆ ಕಟ್ಟಿಕೊಂಡು ನಾನೂ ಜೊತೆಗೆ ಹೋದೆ. ದಾರಿಯುದ್ದಕ್ಕೂ ಅವನನ್ನು ಬೈದೆ. ಅವನು ತಳ್ಳುತ್ತಲೇ ಇದ್ದ. ಗಾಡಿಯ ಒಂದು ಚಕ್ರ ಕಿರುಗುಟ್ಟುತ್ತಿತ್ತು.

ಹಡಗು ಕೂಗಿತು. ಹಡಗು ಹತ್ತುವ ಹಲಗೆಯ ಹತ್ತಿರ ಹೋದಾಗ ಉನೈಸಿ ಗಾಡಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಪ್ಪಾ, ನೋವು ಶುರುವಾಯ್ತು, ಅಂದಳು. ಹಡಗಿನವನು ಮೇಲಿಂದ ಬಗ್ಗಿ ನೋಡಿ, ನನ್ನ ಹಡಗಿನಲ್ಲಿ ಹೆರಿಗೆ ಬೇಡ ಮಾರಾಯ, ಹೋದ ತಿಂಗಳು ಒಂದು ಹಸು ಕರು ಹಾಕಿದ್ದೇ ಸಾಕಾಗಿದೆ ಅಂದ.

ಅಪೊರೊಸಾ ಗಾಡಿ ತಿರುಗಿಸಿದ. ಅವನು ಹಾಗೆ ತಳ್ಳಿದ್ದನ್ನು ನಾನು ಮೊದಲು ಕಂಡಿಲ್ಲ. ಕೋಳಿಗಳು ಹಾರಿದವು. ಚಾಪೆ ಉರುಳಿ ಹೋಯಿತು. ಲಿತಿಯಾ ಒಂದು ಪಕ್ಕ ಗಾಡಿ ಹಿಡಿದು ಓಡಿದಳು, ನಾನು ಗೆಡ್ಡೆಯ ಗಂಟು ಹಿಡಿದು ಹಿಂದೆ ಓಡಿದೆ. ಅದನ್ನು ಯಾಕೆ ಬಿಸಾಡಲಿಲ್ಲವೋ ಗೊತ್ತಿಲ್ಲ. ಬಂದರಿನಿಂದ ಆಸ್ಪತ್ರೆ ಎತ್ತರದಲ್ಲಿದೆ. ಅವನ ಎದೆ ತಿದಿಯ ಹಾಗೆ ಸದ್ದು ಮಾಡುತ್ತಿತ್ತು.

ಬಟ್ಟೆ ಕೋಣೆಯ ಬಾಗಿಲ ಮುಂದೆ ಗಾಡಿ ನಿಂತಿತು. ಒಳಗಿನಿಂದ ಚಿಲಕ. ಜ್ವರ ಬಿಟ್ಟವರು, ಬಿಡದವರು ಎಲ್ಲರೂ ಎದ್ದು ಬಂದು ಗೋಡೆಗೆ ಒರಗಿ ನಿಂತರು. ಡಾಕ್ಟರ್ ಹೊದಿಕೆ ಸುತ್ತಿಕೊಂಡು ಬಂದ.

ಇನ್ನು ಮಾಡುವುದೊಂದೇ. ನಮ್ಮಲ್ಲಿ ತಪ್ಪೊಪ್ಪಿಗೆಗೆ ಒಂದು ಕ್ರಮ ಇದೆ; ಬೇರಿನ ಕಟ್ಟು ಮುಂದೆ ಇಟ್ಟು, ಮೊಣಕಾಲೂರಿ, ಎರಡೂ ಮನೆತನದ ಹಿರಿಯರನ್ನು ನೆನೆದು, ಆಮೇಲೆ ಕ್ಷಮೆ ಕೇಳಬೇಕು. ಅಪೊರೊಸಾ ಕಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಮೊಣಕಾಲೂರಿದ. ಮಾಕೆರೆಟಾಳ ಊರನ್ನು ಹೊಗಳಿದ, ಆ ಊರಿನ ಮುಖ್ಯಸ್ಥನನ್ನು ಹೊಗಳಿದ, ಅವಳ ಅಜ್ಜನ ದೋಣಿಯನ್ನು ಹೊಗಳಿದ. ತನ್ನ ಕಡೆಯ ಹಿರಿಯರಿಗೆ ಬಂದ.

"ಅಪ್ಪಾ, ಅಜ್ಜಂದಿರನ್ನ ಬಿಡು," ಎಂದಳು ಉನೈಸಿ ಹಲ್ಲು ಕಚ್ಚಿ. "ಬಾಗ್ಲು ತೆಗ್ಸು."

ಕ್ರಮ ತಪ್ಪಿದರೆ ಕ್ಷಮೆ ಕ್ಷಮೆಯಾಗುವುದಿಲ್ಲ ಎಂದು ಅವನು ಗಟ್ಟಿಯಾಗಿ ಮುಂದುವರಿಸಿದ. ಮುತ್ತಜ್ಜನ ಹೆಸರು ಎತ್ತುವಾಗ ಗಂಟಲು ಕೆರೆಯಿತು. ಕೆರೆದುಕೊಂಡ. ಮತ್ತೆ ಎತ್ತಿದ. ಆಗ ಕೆಮ್ಮು ಬಂತು. ಗಂಟಲ ಕೆಮ್ಮಲ್ಲ, ಎದೆಯ ಬುಡದಿಂದ ಎದ್ದ ಕೆಮ್ಮು. ಹಳದಿ ಕೋಟು ಅಲ್ಲಾಡಿತು, ಬೇರಿನ ಕಟ್ಟು ಅಲ್ಲಾಡಿತು, ಮುತ್ತಜ್ಜ ಅರ್ಧಕ್ಕೇ ನಿಂತ. ಗೋಡೆಗೆ ಒರಗಿದ್ದವರೆಲ್ಲ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು.

ಬಾಗಿಲ ಪಕ್ಕದ ಕಿಟಕಿಯ ಗಾಜಿನ ಪಟ್ಟಿಗಳು ತೆರೆದವು. ಮಾಕೆರೆಟಾಳ ಕಣ್ಣು ಕಂಡವು.

"ಆ ಕೆಮ್ಮು ಯಾವಾಗಿಂದ?"

"ಕೆಮ್ಮಲ್ಲ ಸಿಸ್ಟರ್. ಉಪ್ಪುಗಾಳಿ."

"ಯಾವಾಗಿಂದ ಅಂದೆ."

ಅವನು ನೆಲ ನೋಡಿದ. "ಸುವಾದಿಂದ ಬಂದಾಗಿಂದ."

"ಮಲಗಿದೋರಲ್ಲಿ ನಿನ್ ಕರಟದಲ್ಲಿ ಕುಡೀದೇ ಇರೋರು ಒಬ್ರ ಹೆಸ್ರು ಹೇಳು."

ಅಪೊರೊಸಾ ಗೋಡೆಯತ್ತ ತಿರುಗಿದ. ಸೆರುವನ್ನು ನೋಡಿದ, ಪೇನಿಯನ್ನು ನೋಡಿದ, ನರ್ಸುಗಳನ್ನು ನೋಡಿದ, ನನ್ನನ್ನು ನೋಡಿದ. ನಾನು ಅವನನ್ನು ನೋಡಿದ ರೀತಿಗೆ ಬೇರೆ ಕಡೆ ತಿರುಗಿದ. ಡಾಕ್ಟರ್ ಹೊದಿಕೆಯೊಳಗಿನಿಂದ, ಮಧ್ಯಾಹ್ನದ ಪಾಠದಲ್ಲಿ ಏನು ಹೇಳಿದರು ಎಂದು ಮೆಲ್ಲಗೆ ಕೇಳಿದ. ಆಸ್ಪತ್ರೆಯವರಿಗೆ ರೋಗಿಗಳಿಂದ ಅಲ್ಲದೆ ಒಬ್ಬರಿಂದ ಒಬ್ಬರಿಗೂ ಬರುತ್ತದೆ, ಮಾಸ್ಕು ಬಿಚ್ಚಿ ಒಟ್ಟಿಗೆ ತಿನ್ನುವಾಗ ಕುಡಿಯುವಾಗ ಅಂತ ಇರಬೇಕಲ್ಲ ಎಂದು ತಾನೇ ಉತ್ತರವನ್ನೂ ಕೊಟ್ಟ. ಈ ಮಾತನ್ನು ಅವನು ಕರಟದ ಮುಂದೆ ಹೇಳಿದ್ದರೆ ನಾನು ಮಲಗುತ್ತಿರಲಿಲ್ಲ, ಮರಗೆಣಸೂ ಹಾಳಾಗುತ್ತಿರಲಿಲ್ಲ. ಅಷ್ಟು ಓದಿಸಿದ್ದು ದಂಡ ಎಂದು ಅಲ್ಲೇ ಅಂದೆ. ಅವನು ಹೌದು ಅಂಕಲ್ ಅಂದ.

"ಮಧ್ಯಾಹ್ನ ನಾನು ಸಿಲಿಂಡರ್ ಹೇರ್ತಿದ್ದೆ," ಎಂದ ಅಪೊರೊಸಾ. ಆ ದನಿ ಕೇಳಿ ನನಗೂ ಒಂದು ಕ್ಷಣ ಬೈಗುಳ ಮರೆತುಹೋಯಿತು.

ಚಿಲಕ ಸರಿಯಿತು. ಮಾಕೆರೆಟಾ ಮಾಸ್ಕು ಕಟ್ಟಿಕೊಂಡು ಹೊರಗೆ ಬಂದಳು. ಬೇರಿನ ಕಟ್ಟಿಗೆ ಬೆರಳ ತುದಿ ತಾಗಿಸಿದಳು. ಅಂದರೆ ಕ್ಷಮೆ ಒಪ್ಪಿದೆ ಅಂತ. ಕಟ್ಟನ್ನು ನನ್ನ ಅಡುಗೆಮನೆಯ ಅಟ್ಟಕ್ಕೆ ಕಳಿಸಿದಳು. ಲಿತಿಯಾ ಮಾತ್ರ ಒಳಗೆ ಬರಲಿ, ಅವಳೊಬ್ಬಳು ನಿಮ್ಮ ಮರದಡಿ ಕೂತವಳಲ್ಲ ಅಂದಳು. ಗಾಡಿಯ ಹಿಡಿಯನ್ನು ಲಿತಿಯಾಳ ಕೈಗೆ ಕೊಟ್ಟಳು. ಆಮೇಲೆ ಅಪೊರೊಸಾನಿಗೆ ಖಾಲಿಯಾದ ಬಟ್ಟೆ ಕೋಣೆಯನ್ನು ಬೆರಳಲ್ಲಿ ತೋರಿಸಿದಳು.

ಅವನು ಕೈ ಮುಗಿದ ಹಾಗೆ ಮಾಡಿದ. ಮಗುವನ್ನು ತಾನು ತಳ್ಳಬೇಕು, ಒಂದೇ ಸಲ, ಜಗಲಿಯ ಈ ತುದಿಯಿಂದ ಆ ತುದಿಗೆ ಅಷ್ಟೇ ಅಂದ. ಮಾಕೆರೆಟಾ ಬಟ್ಟೆ ಕೋಣೆಯ ಬಾಗಿಲು ಅಗಲ ಮಾಡಿ ಹಿಡಿದಳು. ಅವನು ಒಳಗೆ ಹೋದ. ಹೋಗುವಾಗ ಹಳದಿ ಕೋಟು ಬಿಚ್ಚಿ ಬಾಗಿಲ ಮೊಳೆಗೆ ಹಾಕಿದ.

ಮಧ್ಯಾಹ್ನದ ಅನ್ನ ನಾನು ಎರಡು ಸಲ ಸೀಯಿಸಿದೆ. ಹೆರಿಗೆ ಕೋಣೆಯಿಂದ ಸದ್ದು ಬರುತ್ತಿತ್ತು, ನಿಲ್ಲುತ್ತಿತ್ತು. ನಿಂತಾಗ ಬಟ್ಟೆ ಕೋಣೆಯೊಳಗೆ ಹೆಜ್ಜೆಯ ಸದ್ದು ಕೇಳುತ್ತಿತ್ತು, ಗೋಡೆಯಿಂದ ಗೋಡೆಗೆ. ಡಾಕ್ಟರ್ ಜಗಲಿಯಲ್ಲಿ ಕೂರುತ್ತಿದ್ದ, ಏಳುತ್ತಿದ್ದ. ಆಮೇಲೆ ಮಗು ಅತ್ತಿತು. ಬಟ್ಟೆ ಕೋಣೆಯಿಂದ ಮೂರು ಚಪ್ಪಾಳೆ ಕೇಳಿದವು, ಕೈ ಬಗ್ಗಿಸಿ ತಟ್ಟುವ ಟೊಳ್ಳು ಚಪ್ಪಾಳೆ. ವಾರ್ಡಿನ ಮಂಚಗಳ ಮೇಲಿಂದ ಒಬ್ಬೊಬ್ಬರಾಗಿ ಮೂರು ಮೂರು ತಟ್ಟಿದರು. ನಾನು ಸೌಟಿನಿಂದ ಪಾತ್ರೆಗೆ ತಟ್ಟಿದೆ.

ಅಪೊರೊಸಾನ ಗಾಡಿಯ ಮೇಲೆ ದಾರಿಯುದ್ದಕ್ಕೂ ಅವನ ಉಸಿರು ಬಿದ್ದಿತ್ತು, ಅದನ್ನು ತೊಳೆದು ಬಿಸಿಲಿಗೆ ನಿಲ್ಲಿಸಿದ್ದರು. ಆದ್ದರಿಂದ ಮಾಕೆರೆಟಾ ನನ್ನನ್ನು ಕರೆದು, ಮಾಸ್ಕು ಕಟ್ಟಿಸಿ, ಮೊಣಕೈವರೆಗೆ ಕೈ ತೊಳೆಸಿ, ನನ್ನ ಊಟದ ಗಾಡಿಯನ್ನು ಉಜ್ಜಿಸಿ, ಅದರ ಮೇಲೆ ಮಗುವಿನ ಬುಟ್ಟಿ ಇಟ್ಟಳು. ಹೆಣ್ಣು ಮಗು. ಸಾರಿನ ಪಾತ್ರೆ ಇಡುವ ಜಾಗದಲ್ಲಿ ಮಲಗಿ ನಿದ್ದೆ ಮಾಡುತ್ತಿತ್ತು. ತೋಳು ಚಾಚಿ ಗಾಡಿ ತಳ್ಳುತ್ತ, ಅವನಿಗೆ ತೋರಿಸುವುದು ಬೇಡ ಬೇಡ ಅನ್ನುತ್ತಲೇ, ನಾನು ಬಟ್ಟೆ ಕೋಣೆಯ ಕಿಟಕಿಯಿಂದ ದೂರಕ್ಕೆ, ಆದರೆ ನೇರಕ್ಕೆ, ನಿಲ್ಲಿಸಿದೆ.

ಗಾಜಿನ ಪಟ್ಟಿಗಳು ತೆರೆದೇ ಇದ್ದವು. ಅಪೊರೊಸಾ ಒಳಗೆ ತುದಿಗಾಲಲ್ಲಿ ನಿಂತಿದ್ದ. ಕಣ್ಣು ತುಂಬಿತ್ತು. ಕೈ ಹೊರಗೆ ಚಾಚಿದ, ತಾನೇ ಹಿಂದಕ್ಕೆ ಎಳೆದುಕೊಂಡ.

"ಯಾರ ಥರ ಇದೆ ಭಾವ?" ಅಂದ.

ನಾನು ಬಾಯಿ ತೆರೆಯುವ ಮೊದಲೇ ಅವನ ಮುಖ ಸೊಟ್ಟಗಾಯಿತು, ಮೂಗು ಸುಕ್ಕಾಯಿತು, ಎದೆ ಉಬ್ಬಿತು. ಮಾಕೆರೆಟಾ ಮಗುವಿಗೆ ಅಡ್ಡ ಬರಲು ಓಡಿದಳು. ಅದಕ್ಕೂ ಮೊದಲೇ ಅವನು ಎರಡೂ ಕೈಯಲ್ಲಿ ಗಾಜಿನ ಪಟ್ಟಿಗಳನ್ನು ಪಟಪಟ ಮುಚ್ಚಿಕೊಂಡ. ಒಳಗಿನಿಂದ ಕೆಮ್ಮಿನ ಸದ್ದು ಬಂತು, ದೂರದಿಂದ ಬಂದ ಹಾಗೆ, ತುಂಬಾ ಹೊತ್ತು. ಮಗು ಎದ್ದೇಳಲಿಲ್ಲ.

ಕೆಮ್ಮು ನಿಂತ ಮೇಲೆ ಮುಚ್ಚಿದ ಕಿಟಕಿಯನ್ನು ಒಳಗಿನಿಂದ ಬೆರಳಲ್ಲಿ ತಟ್ಟಿದ.

"ಹೇಳಯ್ಯ. ಯಾರ ಥರ ಇದೆ?"

"ಕೆಮ್ತಾ ಇಲ್ಲ," ಅಂದೆ. "ನಿನ್ ಥರ ಅಂತೂ ಇಲ್ಲ."